ಟ್ರ್ಯಾಕ್‌ನಲ್ಲಿ ಕಾರು ತಾಗಿದರೆ ತಪ್ಪು ಯಾರದು? ಹಂತ ಹಂತವಾಗಿ ಕಂಡುಕೊಳ್ಳುವ ಬಗೆ

ತೀರ್ಥಹಳ್ಳಿ ಹತ್ತಿರ ಗೆಳೆಯನ ಮನೆ. ಅಡಿಕೆ ಒಣಗಿಸುವ ಅಂಗಳ. ಅಲ್ಲಿ ರಂಗೋಲಿ ಪುಡಿಯಲ್ಲಿ ಒಂದು ಬಲ ತಿರುವು ಬರೆದು, ಅದರ ಮೇಲೆ ಎರಡು ಅಡಿಕೆ ಇಟ್ಟಿದ್ದೆವು. ಒಂದು ಕೆಂಪಡಿಕೆ, ಇನ್ನೊಂದು ಚಾಲಿ. ಕೆಂಪಡಿಕೆ ಅಂದರೆ ಕೆಂಪು ಕಾರು, ಚಾಲಿ ಅಂದರೆ ಬಿಳಿ ಕಾರು. ಆ ಕಾರುಗಳ ಯಜಮಾನರು ಎದುರುಬದುರು ಕೂತಿದ್ದರು. ಕಾಲೇಜಿನಿಂದ ಜೊತೆಗಿದ್ದವರು. ಹಿಂದಿನ ಭಾನುವಾರ ತಮಿಳುನಾಡಿನ ಒಂದು ಟ್ರ್ಯಾಕ್‌ನಲ್ಲಿ ಒಬ್ಬರಿಗೊಬ್ಬರು ತಾಗಿಸಿಕೊಂಡು, ಶಿವಮೊಗ್ಗದವರೆಗೆ ಒಂದು ಮಾತೂ ಆಡದೆ ಬಂದಿದ್ದರು.

"ಹೋಗು ಅಂತ ಕೈ ತೋರಿಸಿದ್ದು ನೀನೇ ಅಲ್ವಾ ಮಾರಾಯ?" ಅಂತ ಒಬ್ಬ. "ತೋರಿಸಿದ್ದು ನೇರ ದಾರಿಯಲ್ಲಿ. ನೀನು ನುಗ್ಗಿದ್ದು ತಿರುವಿನಲ್ಲಿ" ಅಂತ ಇನ್ನೊಬ್ಬ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ತಮಗೆ ಕಂಡಷ್ಟನ್ನು ಹೇಳುತ್ತಿದ್ದರು. ಅಡಿಕೆಗಳನ್ನು ಒಂದೊಂದು ಗೇಣು ಸರಿಸುತ್ತ ಹೋದಾಗಲೇ ಪೂರ್ತಿ ಚಿತ್ರ ಸಿಕ್ಕಿದ್ದು. ಆ ಸಂಜೆ ನಾವು ಮಾಡಿದ್ದನ್ನು, ಮತ್ತು ಅದಕ್ಕೂ ಮೊದಲೇ ಮಾಡಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಡಾಂಬರಿನ ರೇಸ್ ಟ್ರ್ಯಾಕ್ ಇಲ್ಲ. ಇಲ್ಲಿಂದ ಹೋಗುವವರು ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇಗೋ, ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈನಲ್ಲಿರುವ 3.7 ಕಿ.ಮೀ. ಟ್ರ್ಯಾಕ್‌ಗೋ ಹೋಗುತ್ತಾರೆ. ರಾತ್ರಿಯೆಲ್ಲ ಗಾಡಿ ಓಡಿಸಿ, ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡು ಇಳಿಯುವವರೇ ಜಾಸ್ತಿ. ಸುಸ್ತಿನಲ್ಲಿ ನಿಯಮದ ಕಾಗದ ಓದುವವರು ಕಡಿಮೆ. ಜಗಳ ಹುಟ್ಟುವುದು ಅಲ್ಲೇ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

"ತಪ್ಪು ಯಾರದು" ಎನ್ನುವುದು ಒಂದು ಪ್ರಶ್ನೆ. "ದುಡ್ಡು ಯಾರು ಕೊಡಬೇಕು" ಎನ್ನುವುದು ಇನ್ನೊಂದು. ರಸ್ತೆಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಟ್ಟಿಗೇ ಹೋಗುತ್ತವೆ. ಟ್ರ್ಯಾಕ್‌ನಲ್ಲಿ ಹಾಗಲ್ಲ. ಒಳಗೆ ಹೋಗುವಾಗ ನೀವು ಸಹಿ ಹಾಕಿದ ಕಾಗದದಲ್ಲಿ ಸಾಮಾನ್ಯವಾಗಿ "ಅವರವರ ಗಾಡಿಯ ನಷ್ಟ ಅವರವರದ್ದೇ" ಅಂತ ಇರುತ್ತದೆ. ಅಂದರೆ ತಪ್ಪು ನೂರಕ್ಕೆ ನೂರು ಎದುರಿನವನದ್ದೇ ಆದರೂ ನಿಮ್ಮ ಬಂಪರ್ ಖರ್ಚು ನಿಮ್ಮ ಮೇಲೇ ಬೀಳಬಹುದು.

ಹಾಗಾದರೆ ತಪ್ಪು ಹುಡುಕುವುದು ಯಾಕೆ? ನನ್ನ ಮಟ್ಟಿಗೆ ಅದೇ ಮುಖ್ಯ ಕೆಲಸ. ಯಾವ ಅಭ್ಯಾಸದಿಂದ ತಾಗಿತು ಅಂತ ಗೊತ್ತಾಗದಿದ್ದರೆ ಮುಂದಿನ ಸಲ ಅದೇ ಜಾಗದಲ್ಲಿ ಅದೇ ಆಗುತ್ತದೆ, ಇನ್ನೂ ಜೋರಾಗಿ. ದುಡ್ಡಿನ ಮಾತು ಮೊದಲು ಎತ್ತಿದರೆ ಯಾರೂ ನಿಜ ಹೇಳುವುದಿಲ್ಲ. ಅದಕ್ಕೇ ಅದನ್ನು ಕೊನೆಗಿಡಿ.

ಹೊರಡುವ ಮೊದಲು

ಅಂದಿನ ಸೆಷನ್ (ಟ್ರ್ಯಾಕ್‌ನಲ್ಲಿ ಓಡಿಸಲು ಕೊಟ್ಟ ಸರದಿ) ಯಾವ ಬಗೆಯದು ಅಂತ ಖಚಿತ ಮಾಡಿಕೊಳ್ಳಿ. ಎಲ್ಲರೂ ಒಟ್ಟಿಗೆ ಸುತ್ತು ಹೊಡೆಯುವ ಸಾರ್ವಜನಿಕ ಸೆಷನ್ ರೇಸ್ ಅಲ್ಲ. ಈ ಒಂದು ಮಾತಿನ ಮೇಲೆ ಮುಂದಿನ ಎಲ್ಲ ಲೆಕ್ಕ ನಿಂತಿದೆ. ರೇಸ್‌ನಲ್ಲಿ ಪಕ್ಕಕ್ಕೆ ಸಾಕಷ್ಟು ಬಂದವನಿಗೆ ಜಾಗ ಬಿಡಬೇಕು ಎಂಬ ವಾದ ನಡೆಯುತ್ತದೆ. ತಿರುವಿಗಾಗಿ ಪೈಪೋಟಿ ಮಾಡುವುದೇ ಅಲ್ಲಿನ ಆಟ. ಸಾರ್ವಜನಿಕ ಸೆಷನ್‌ನಲ್ಲಿ ಯಾರಿಗೂ ತಿರುವು ಗೆಲ್ಲುವ ಹಕ್ಕಿಲ್ಲ. ಹಿಂದಿನಿಂದ ಬಂದು ದಾಟುವವನೇ ಸುರಕ್ಷಿತವಾಗಿ ದಾಟುವ ಹೊಣೆ ಹೊರಬೇಕು. ಟೀವಿಯಲ್ಲಿ ನೋಡಿದ ರೇಸಿನ ನಿಯಮ ಇಲ್ಲಿ ತಂದು ವಾದಿಸಬೇಡಿ.

ಆಯೋಜಕರು ನಿಯಮ ಹೇಳುವ ಬೆಳಗಿನ ಬ್ರೀಫಿಂಗ್‌ನಲ್ಲಿ ಮೂರು ವಿಷಯ ಬರೆದುಕೊಳ್ಳಿ. ಎಲ್ಲೆಲ್ಲಿ ಓವರ್‌ಟೇಕ್ ಮಾಡಬಹುದು? ಮುಂದಿನವನು ಕೈ ತೋರಿಸಲೇಬೇಕಾ? ತೋರಿಸಿದ ಮೇಲೆ ಎಲ್ಲಿಯವರೆಗೆ ಅದು ನಡೆಯುತ್ತದೆ? ನಮ್ಮಲ್ಲಿ ಡ್ರೈವರ್ ಬಲಗಡೆ ಕೂರುವುದರಿಂದ, ಕೈ ಬಲಕ್ಕೆ ಚಾಚಿದರೆ "ನನ್ನ ಬಲಗಡೆಯಿಂದ ಹೋಗು", ಛಾವಣಿ ಮೇಲಿಂದ ಎಡಕ್ಕೆ ತೋರಿಸಿದರೆ "ಎಡಗಡೆಯಿಂದ ಹೋಗು" ಎಂಬುದು ರೂಢಿ. ಆಯೋಜಕರು ಬೇರೆ ಹೇಳಿದ್ದರೆ ಅದೇ ನಿಯಮ. ಬ್ರೀಫಿಂಗ್ ಹಾಳೆಯ ಒಂದು ಫೋಟೊ ಫೋನಿನಲ್ಲಿರಲಿ.

ಇನ್ನೊಂದು, ಇದು ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಕಾರಿನ ಅಡಿಭಾಗ, ಚಕ್ರದ ಗೂಡು ಚೆನ್ನಾಗಿ ತೊಳೆಸಿಕೊಂಡು ಹೋಗಿ. ತೋಟದ ದಾರಿಯ ಕೆಂಪು ಮಣ್ಣು ಹೆಂಟೆಯಾಗಿ ಅಂಟಿಕೊಂಡಿರುತ್ತದೆ. ತಿರುವಿನಲ್ಲಿ ಅದು ಟ್ರ್ಯಾಕ್ ಮೇಲೆ ಬಿದ್ದು ಹಿಂದಿನವನು ಜಾರಿದರೆ, ಅದರಲ್ಲಿ ನಿಮ್ಮ ಪಾಲೂ ಇರುತ್ತದೆ.

ತಾಗಿದ ಕ್ಷಣ

ಕಾರು ಚಲಿಸುವಂತಿದ್ದರೆ ಲೈನಿನಿಂದ, ಅಂದರೆ ಬೇರೆ ಕಾರುಗಳು ಓಡುವ ದಾರಿಯಿಂದ, ದೂರ ತನ್ನಿ. ಕಾರು ಗಿರಕಿ ಹೊಡೆದಿದ್ದರೆ ಬ್ರೇಕ್ ಒತ್ತಿ ಹಿಡಿದು ಕಾರು ಇದ್ದಲ್ಲೇ ನಿಲ್ಲುವಂತೆ ಮಾಡಿ. ಹಿಂದಕ್ಕೆ ಉರುಳಿದರೆ ಬರುವವನಿಗೆ ನೀವು ಎಲ್ಲಿರುತ್ತೀರಿ ಅಂತ ಅಂದಾಜು ಸಿಗುವುದಿಲ್ಲ. ಬೆಂಕಿ, ಹೊಗೆ ಇಲ್ಲದಿದ್ದರೆ ಬೆಲ್ಟ್ ಬಿಚ್ಚಬೇಡಿ, ಇಳಿಯಬೇಡಿ. ಟ್ರ್ಯಾಕ್ ಪಕ್ಕ ಬಾವುಟ ಹಿಡಿದು ನಿಂತಿರುವ ಮಾರ್ಷಲ್ ಹೇಳುವವರೆಗೆ ಕಾಯಿರಿ. ಇಳಿದು ಓಡಿಬಂದು ಕಿಟಕಿ ಬಡಿದು ಬೈಯುವುದು ರಸ್ತೆಯಲ್ಲೇ ತಪ್ಪು. ಇಲ್ಲಿ ಅದು ಜೀವಕ್ಕೇ ಅಪಾಯ.

ಮೊದಲ ಅರ್ಧ ಗಂಟೆ

ನೆನಪು ಬಹಳ ಬೇಗ ಬದಲಾಗುತ್ತದೆ. ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ನಾಲ್ಕು ಜನ ಸೇರಿ ಚಹಾ ಕುಡಿಯುತ್ತ ಮಾತಾಡಿದರೆ ಸಾಕು, ನೀವು ನೋಡದೇ ಇದ್ದದ್ದೂ ನೋಡಿದಂತೆ ಅನಿಸುತ್ತದೆ. ಆದ್ದರಿಂದ ಇಬ್ಬರೂ ಬೇರೆ ಬೇರೆ ಕೂತು ಅರ್ಧ ಪುಟ ಬರೆಯಿರಿ. ಬರೆಯಲು ಬೇಸರವಾದರೆ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ. "ಅವನು ನುಗ್ಗಿದ" ಅಂತ ಬೇಡ. "ನಾನು ಬ್ರೇಕ್ ಒತ್ತಿದಾಗ ಬಲ ಕನ್ನಡಿಯಲ್ಲಿ ಅವನು ಕಾಣಲಿಲ್ಲ" ಅಂತ ಬರೆಯಿರಿ. ಕಂಡದ್ದು, ಕೇಳಿದ್ದು, ಮಾಡಿದ್ದು ಮಾತ್ರ ಸಾಕು.

ಕಾರನ್ನು ಒರೆಸುವ ಮೊದಲು ಫೋಟೊ ತೆಗೆಯಿರಿ. ದೂರದಿಂದ ಒಂದು, ಹತ್ತಿರದಿಂದ ನಾಲ್ಕು. ಗೀರಿನ ಪಕ್ಕ ಅಳತೆ ಟೇಪ್ ಹಿಡಿದು, ನೆಲದಿಂದ ಎಷ್ಟು ಎತ್ತರ ಅಂತ ಕಾಣುವಂತೆ ಇನ್ನೊಂದು. ಕ್ಯಾಮೆರಾದ ಮೆಮರಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕ್ಯಾಮೆರಾ ಆನ್ ಆಗಿಯೇ ಇದ್ದರೆ ಮುಂದಿನ ಸೆಷನ್ ಹಳೆಯದರ ಮೇಲೆ ಬರೆದುಕೊಂಡು ಹೋಗಬಹುದು. ಮೂಲ ಫೈಲ್ ಹಾಗೇ ಇರಲಿ, ಕತ್ತರಿಸಿ ವಾಟ್ಸಾಪ್‌ನಲ್ಲಿ ಕಳಿಸಿದ್ದು ಸಾಕ್ಷಿಗೆ ಸಾಲದು. ಮಾತು ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಕಾರ ವಿಡಿಯೊ ಫೈಲ್ ಜೊತೆ ಪ್ರಮಾಣಪತ್ರವೂ ಬೇಕಾಗುತ್ತದೆ. ಆ ತಿರುವಿನ ಮಾರ್ಷಲ್ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಿ: "ಆಗ ಯಾವ ಬಾವುಟ ಇತ್ತು?"

ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ

ಕ್ರಮ ಮುಖ್ಯ. ಮೊದಲ ಪ್ರಶ್ನೆಯಲ್ಲೇ ಉತ್ತರ ಸಿಕ್ಕಿದರೆ ಉಳಿದದ್ದು ಪಾಲು ಹಂಚಲು ಮಾತ್ರ ಬೇಕು.

ಮೊದಲನೆಯದು ಬಾವುಟ. ಹಳದಿ ಇದ್ದರೆ ವೇಗ ಇಳಿಸಬೇಕು, ಓವರ್‌ಟೇಕ್ ಮಾಡುವಂತಿಲ್ಲ. ಕೆಂಪು ಇದ್ದರೆ ಸೆಷನ್ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬರಬೇಕು. ಹಳದಿ-ಕೆಂಪು ಪಟ್ಟೆ ಅಂದರೆ ಮುಂದೆ ಜಾರುತ್ತದೆ. ಕಪ್ಪಿನ ನಡುವೆ ಕಿತ್ತಳೆ ವೃತ್ತ ತೋರಿಸಿದರೆ ನಿಮ್ಮ ಕಾರಿನಲ್ಲೇ ಏನೋ ತೊಂದರೆ ಇದೆ, ಪಿಟ್‌ಗೆ ಬನ್ನಿ ಅಂತ. ನೀಲಿ ಬಾವುಟದಲ್ಲಿ ಜಾಸ್ತಿ ಜನ ಎಡವುತ್ತಾರೆ. ಅದು ಮುಂದಿನವನಿಗೆ "ಹಿಂದೆ ವೇಗದವನು ಬಂದಿದ್ದಾನೆ" ಅಂತ ಹೇಳುತ್ತದೆ, ಅಷ್ಟೇ. ಹಿಂದಿನವನಿಗೆ ನುಗ್ಗಲು ಕೊಟ್ಟ ಪರವಾನಗಿ ಅಲ್ಲ. ಹಳದಿಯಲ್ಲಿ ದಾಟಲು ಹೋಗಿ ತಾಗಿಸಿದವನಿಗೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಎರಡನೆಯದು ಅನುಮತಿ. ಮುಂದಿನವನು ಕೈ ತೋರಿಸಿದ್ದನಾ? ಹಿಂದಿನವನು ಅದನ್ನು ನೋಡಿದ್ದನಾ? ಘಾಟಿಯಲ್ಲಿ ಓಡಿಸಿದವರಿಗೆ ಇದು ಹೊಸದಲ್ಲ. ಆಗುಂಬೆ ಇಳಿಯುವಾಗ ಮುಂದಿನ ಬಸ್ಸಿನ ಡ್ರೈವರ್ ಕೈ ಬೀಸುತ್ತಾನೆ, ನಾವು ದಾಟುತ್ತೇವೆ. ಆದರೂ ಎದುರಿನಿಂದ ಏನಾದರೂ ಬಂದರೆ "ಬಸ್ಸಿನವನು ಹೋಗು ಅಂದ" ಅಂತ ನಾವು ತಪ್ಪಿಸಿಕೊಳ್ಳಲಾಗುತ್ತದಾ? ದಾಟುವವನ ಕಣ್ಣು ದಾಟುವವನದ್ದೇ. ಟ್ರ್ಯಾಕ್‌ನಲ್ಲೂ ಅಷ್ಟೇ. ಕೈ ತೋರಿಸಿದ್ದು ಅವಕಾಶ, ಭರವಸೆ ಅಲ್ಲ.

ಘಾಟಿಯ ಇನ್ನೊಂದು ಅಭ್ಯಾಸ ಮಾತ್ರ ಟ್ರ್ಯಾಕ್‌ನಲ್ಲಿ ಕೈಕೊಡುತ್ತದೆ: ಹಾರನ್. ಹೆಲ್ಮೆಟ್ ಒಳಗೆ, ಇಂಜಿನ್ ಸದ್ದಿನಲ್ಲಿ ಅದು ಕೇಳಿಸುವುದೇ ಇಲ್ಲ. "ನಾನು ಹಾರನ್ ಹೊಡೆದೆ" ಎನ್ನುವುದಕ್ಕೆ ಇಲ್ಲಿ ಬೆಲೆ ಇಲ್ಲ.

ಮೂರನೆಯದು ಜಾಗ. ಓವರ್‌ಟೇಕ್‌ಗೆ ಬಿಟ್ಟ ಜಾಗದಲ್ಲೇ ಅದು ಶುರುವಾಗಿ ಅಲ್ಲೇ ಮುಗಿಯಬೇಕು. ಶುರುವಾದದ್ದು ಮಾತ್ರ ಅಲ್ಲಿ, ಮುಗಿಯುವುದು ಬ್ರೇಕ್ ಹಾಕುವ ಜಾಗದಲ್ಲಿ ಅಂತಾದರೆ ಆ ಅನುಮತಿ ಮುಗಿದಂತೆ.

ನಾಲ್ಕನೆಯದು, ಮುಂದಿನವನು ಸ್ಟೀರಿಂಗ್ ತಿರುಗಿಸಲು ಶುರುಮಾಡಿದಾಗ ಹಿಂದಿನ ಕಾರು ಎಷ್ಟು ಪಕ್ಕಕ್ಕೆ ಬಂದಿತ್ತು? ತಾಗಿದ ಕ್ಷಣದಲ್ಲಿ ಎಷ್ಟು ಅಂತ ಅಲ್ಲ. ಈ ವ್ಯತ್ಯಾಸ ತಪ್ಪಿಸಿಕೊಂಡೇ ಎಷ್ಟೋ ವಾದಗಳು ನಡೆಯುತ್ತವೆ. ತಾಗಿದಾಗ ಬಾಗಿಲಿಗೆ ಬಾಗಿಲು ಇದ್ದಿರಬಹುದು. ಅದಕ್ಕೂ ಒಂದು ಸೆಕೆಂಡ್ ಮೊದಲು ಹಿಂದಿನವನು ಪೂರ್ತಿ ಹಿಂದೆಯೇ ಇದ್ದಿರಬಹುದು. ಹಾಗಿದ್ದರೆ ಮುಂದಿನವನಿಗೆ ಅವನು ಕಾಣುವುದಾದರೂ ಹೇಗೆ?

ಐದನೆಯದು, ಇನ್ನೊಬ್ಬರು ಊಹಿಸಲಾಗದ ಕೆಲಸ ಯಾರು ಮಾಡಿದರು? ನೇರ ದಾರಿಯಲ್ಲಿ ಕಾರಣವಿಲ್ಲದೆ ಬ್ರೇಕ್ ಒತ್ತುವುದು, ಕೈ ತೋರಿಸಿ ಆಮೇಲೆ ಲೈನ್ ಬದಲಿಸುವುದು, ಟ್ರ್ಯಾಕ್‌ನಿಂದ ಹೊರಹೋಗಿ ಹಿಂದೆ ನೋಡದೆ ಒಳಗೆ ಬರುವುದು, ಪಿಟ್‌ನಿಂದ ಹೊರಡುವಾಗ ಬಿಳಿ ಗೆರೆ ದಾಟಿ ನೇರ ಲೈನಿಗೆ ನುಗ್ಗುವುದು ಇವೆಲ್ಲ ಇದರಲ್ಲಿ ಬರುತ್ತವೆ. ಕೊನೆಯದಾಗಿ ಕಾರಿನ ಸ್ಥಿತಿ. ಬ್ರೇಕ್ ಲೈಟ್ ಉರಿಯುತ್ತಿತ್ತಾ, ಟೈರ್ ಸವೆದಿತ್ತಾ, ಎಣ್ಣೆ ಸೋರುತ್ತಿತ್ತಾ? ಇದ್ದಕ್ಕಿದ್ದಂತೆ ಪೈಪ್ ಒಡೆದರೆ ಅದು ದುರದೃಷ್ಟ. ಹಿಂದಿನ ಸೆಷನ್‌ನಲ್ಲೇ ವಾಸನೆ ಬಂದಿತ್ತು, ಆದರೂ ಹೊರಟ ಅಂದರೆ ಅದು ಅವನ ತಪ್ಪು.

ಅಡಿಕೆ ಇಟ್ಟು ನೋಡಿ

ತಿರುವನ್ನು ನೆಲದ ಮೇಲೆ ದೊಡ್ಡದಾಗಿ ಬರೆಯಿರಿ. ಬ್ರೇಕ್ ಹಾಕುವ ಜಾಗಕ್ಕೆ ಒಂದು ಗೆರೆ, ಸ್ಟೀರಿಂಗ್ ತಿರುಗಿಸುವ ಜಾಗಕ್ಕೆ ಇನ್ನೊಂದು. ತಾಗಿದ ಜಾಗದಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಅದು ಇಬ್ಬರೂ ಒಪ್ಪುವ ಒಂದೇ ಜಾಗ. ಅರ್ಧ ಸೆಕೆಂಡ್ ಹಿಂದೆ ಎರಡೂ ಎಲ್ಲಿದ್ದವು? ಒಂದು ಸೆಕೆಂಡ್ ಹಿಂದೆ? ಅವರವರ ಅಡಿಕೆಯನ್ನು ಅವರವರೇ ಸರಿಸಬೇಕು. ಬೇರೆಯವರ ಅಡಿಕೆ ಮುಟ್ಟುವಂತಿಲ್ಲ ಎನ್ನುವುದು ಆ ದಿನ ನಮ್ಮ ಅಂಗಳದ ನಿಯಮವಾಗಿತ್ತು. ಒಪ್ಪಿಗೆ ಆಗದ ಜಾಗಕ್ಕೆ ಒಂದು ಕಲ್ಲು ಇಟ್ಟು ಮುಂದೆ ಹೋಗಿ. ವಿಡಿಯೊದಲ್ಲಿ ಆ ಕಲ್ಲುಗಳನ್ನಷ್ಟೇ ನೋಡಿದರೆ ಸಾಕು.

ವಿಡಿಯೊದಲ್ಲಿ ಫ್ರೇಮ್ ಎಣಿಸಿ

ಬರೀ ಕಣ್ಣಿಗೆ ವಿಡಿಯೊ ಮೋಸ ಮಾಡುತ್ತದೆ. ಆ್ಯಕ್ಷನ್ ಕ್ಯಾಮೆರಾದ ಅಗಲದ ಲೆನ್ಸ್‌ನಲ್ಲಿ ಮುಂದಿನ ಕಾರು ನಿಜಕ್ಕಿಂತ ದೂರ ಕಾಣುತ್ತದೆ. ಹಾಗಾಗಿ ದೂರ ಅಂದಾಜು ಮಾಡಬೇಡಿ, ಸಮಯ ಅಳೆಯಿರಿ.

ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್. ಗಂಟೆಗೆ 90 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 25 ಮೀಟರ್. ಹಾಗಾಗಿ ಒಂದು ಫ್ರೇಮಿಗೆ ಕಾರು ಸುಮಾರು 83 ಸೆಂ.ಮೀ. ಮುಂದೆ ಹೋಗಿರುತ್ತದೆ. ಫೋನಿನ ಜಿಪಿಎಸ್ ಸೆಕೆಂಡಿಗೆ ಒಂದೇ ಸಲ ಗುರುತು ಹಾಕುತ್ತಿದ್ದರೆ ಎರಡು ಗುರುತಿನ ನಡುವೆ 25 ಮೀಟರ್ ಅಂತರ. ತಾಗಿದ್ದನ್ನು ತೀರ್ಮಾನ ಮಾಡಲು ಅದು ಏನೂ ಪ್ರಯೋಜನವಿಲ್ಲ. ವೇಗದ ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಎರಡೂ ಕಾರಿನಲ್ಲಿ ಕ್ಯಾಮೆರಾ ಇದ್ದರೆ ಅವೆರಡನ್ನು ಸದ್ದಿನಿಂದ ಜೋಡಿಸಿ. ತಾಗಿದ "ಟಪ್" ಎರಡರಲ್ಲೂ ಒಂದೇ ಕ್ಷಣದ್ದು. ಅದನ್ನು ಸೊನ್ನೆ ಅಂತ ಹಿಡಿದು ಹಿಂದಕ್ಕೆ ಎಣಿಸಿ: ಬ್ರೇಕ್ ಲೈಟ್ ಯಾವಾಗ ಹತ್ತಿತು, ಮುಂದಿನ ಚಕ್ರ ಯಾವಾಗ ತಿರುಗಿತು, ಕೈ ಯಾವಾಗ ಹೊರಗೆ ಬಂತು. ಮನುಷ್ಯ ನೋಡಿ, ತಿಳಿದು, ಕಾಲು ಒತ್ತಲು ಸುಮಾರು ಒಂದರಿಂದ ಒಂದೂವರೆ ಸೆಕೆಂಡ್ ಬೇಕು ಅಂತ ಹಿಡಿಯಿರಿ. ಅಂದರೆ 30ರಿಂದ 45 ಫ್ರೇಮ್. ಮುಂದಿನವನ ಕಾರು ಗಿರಕಿ ಹೊಡೆದು 20 ಫ್ರೇಮಿನಲ್ಲಿ ಹಿಂದಿನವನು ತಾಗಿಸಿದರೆ, ಹಿಂದಿನವನನ್ನು ದೂರುವುದು ಅನ್ಯಾಯ. ಅದೇ 150 ಫ್ರೇಮ್ ಇದ್ದು, ಹಳದಿ ಬಾವುಟವೂ ಇದ್ದರೆ ಮಾತು ಬೇರೆ.

ನಮ್ಮ ವಿಷಯದಲ್ಲಿ ಬಿಳಿ ಕಾರಿನ ಕೈ ಹೊರಬಂದದ್ದು ತಾಗುವುದಕ್ಕೆ ಆರು ಸೆಕೆಂಡ್ ಮೊದಲು. ಬ್ರೇಕ್ ಲೈಟ್ ಹತ್ತಿದ್ದು 42 ಫ್ರೇಮ್ ಮೊದಲು. ಆಗ ಕೆಂಪು ಕಾರು ಇನ್ನೂ ಪೂರ್ತಿ ಹಿಂದೆಯೇ ಇತ್ತು. ಆದರೆ ಬಿಳಿ ಕಾರಿನ ಒಳಗಿನ ಸದ್ದು ಇನ್ನೊಂದು ವಿಷಯ ಹೇಳಿತು. ಕೈ ತೋರಿಸಿದ ಮೇಲೂ ಇಂಜಿನ್ ಸದ್ದು ಇಳಿಯಲೇ ಇಲ್ಲ, ಏರುತ್ತಲೇ ಹೋಯಿತು. ಹೋಗು ಅಂದವನು ಆಕ್ಸಿಲರೇಟರ್ ಬಿಟ್ಟಿರಲಿಲ್ಲ. ಆ ಸದ್ದು ಎರಡನೇ ಸಲ ಕೇಳಿಸಿದಾಗ ಬಿಳಿ ಕಾರಿನವನು ತಾನಾಗಿಯೇ "ಹೌದು, ನಾನು ಬಿಡಬೇಕಿತ್ತು" ಅಂದ. ಅಂಗಳದಲ್ಲಿ ಗಾಳಿ ಬದಲಾದದ್ದು ಆಗಲೇ.

ಗೀರು ಓದುವುದು

ವಿಡಿಯೊ ಇಲ್ಲದಿದ್ದರೂ ಕಾರಿನ ಮೈಮೇಲೆ ಕಥೆ ಇರುತ್ತದೆ. ಗೀರು ಶುರುವಾದ ಕಡೆ, ಮುಗಿದ ಕಡೆ ಬೆರಳಾಡಿಸಿ. ಕೆರೆದುಹೋದ ಬಣ್ಣ ಸಾಮಾನ್ಯವಾಗಿ ಮುಗಿಯುವ ಕಡೆ ಗುಡ್ಡೆಯಾಗಿರುತ್ತದೆ. ಬಿಳಿ ಕಾರಿನ ಬಲ ಹಿಂಬಾಗಿಲಿನಲ್ಲಿ ಗೀರು ಹಿಂದಿನ ಚಕ್ರದ ಕಡೆಯಿಂದ ಶುರುವಾಗಿ ಮುಂದಕ್ಕೆ ಹೋಗಿತ್ತು. ಅಂದರೆ ತಾಗಿದಾಗ ಕೆಂಪು ಕಾರೇ ಜೋರಾಗಿ ಹೋಗುತ್ತಿತ್ತು. ಅದರ ಪಕ್ಕದಲ್ಲೇ ಬಳೆಯಂತೆ ಕಪ್ಪು ಗುರುತು ಇತ್ತು, ಅದು ತಿರುಗುವ ಟೈರಿನದು. ಕೆಂಪು ಕಾರಿನ ಎಡ ಮುಂದಿನ ಚಕ್ರದ ಎತ್ತರಕ್ಕೆ ಸರಿಯಾಗಿ ಹೊಂದುತ್ತಿತ್ತು.

ಒಂದು ಕಾರಿನ ಮುಂದಿನ ಮೂಲೆ ಇನ್ನೊಂದರ ಹಿಂದಿನ ಮೂಲೆಗೆ ತಾಗಿದ್ದರೆ, ಹಿಂದಿನವನು ಪಕ್ಕಕ್ಕೆ ಬಂದೇ ಇರಲಿಲ್ಲ ಅಂತ ಬಹುಪಾಲು ಹೇಳಬಹುದು. ಮುಂದಿನ ಮಡ್‌ಗಾರ್ಡ್ ಮುಂದಿನ ಬಾಗಿಲಿಗೆ ತಾಗಿದ್ದರೆ ಇಬ್ಬರಿಗೂ ಒಬ್ಬರಿಗೊಬ್ಬರು ಕಾಣಬೇಕಿತ್ತು. ಆಗ ಪಾಲು ಹಂಚಿಹೋಗುತ್ತದೆ. ಯಾರ ಕಾರು ಜಾಸ್ತಿ ಜಖಂ ಆಗಿದೆ ಎನ್ನುವುದಕ್ಕೂ ತಪ್ಪಿಗೂ ಸಂಬಂಧವೇ ಇಲ್ಲ.

ಪಾಲು ಹಂಚುವಾಗ

ಶೇಕಡಾ 63, 37 ಅಂತ ಲೆಕ್ಕ ಹಾಕಲು ಹೋಗಬೇಡಿ. ಪೂರ್ತಿ, ಮುಕ್ಕಾಲು, ಅರ್ಧ, ಯಾರದ್ದೂ ಅಲ್ಲ ಎನ್ನುವ ನಾಲ್ಕೇ ಸಾಕು.

ಬ್ರೇಕ್ ಹಾಕುವ ಜಾಗದಲ್ಲಿ ಹಿಂದಿನಿಂದ ಗುದ್ದಿದರೆ ಹಿಂದಿನವನದ್ದು ಪೂರ್ತಿ. ಮುಂದಿನವನ ಬ್ರೇಕ್ ಲೈಟ್ ಸತ್ತಿದ್ದರೆ ಅರ್ಧ. ಹೊರಗೆ ಹೋಗಿ ಮತ್ತೆ ಒಳಬಂದಾಗ ತಾಗಿದರೆ ಒಳಬಂದವನದ್ದು, ಅವನ ಲೈನ್ ಎಷ್ಟೇ ಸರಿ ಇರಲಿ. ಪಿಟ್‌ನಿಂದ ಬಂದವನು ಗೆರೆ ದಾಟಿದ್ದರೆ ಅವನದ್ದು. ಕಾಣದ ಎಣ್ಣೆಯ ಮೇಲೆ ಇಬ್ಬರೂ ಜಾರಿ ತಾಗಿದರೆ ಯಾರದ್ದೂ ಅಲ್ಲ, ಇದನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸೂ ಬೇಕು. ಹೊಸಬರ ಗುಂಪಿನಲ್ಲಿ ಅನುಭವಿ ಒಬ್ಬ ಸೇರಿಕೊಂಡು ತಾಗಿಸಿದರೆ ಅವನ ಪಾಲು ಒಂದು ಮೆಟ್ಟಿಲು ಮೇಲೆ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ. ಹೊಸಬ ತಡಬಡಿಸುತ್ತಾನೆ ಅಂತ ಅವನಿಗೆ ಗೊತ್ತಿರಲೇಬೇಕು.

ದುಡ್ಡಿನ ಮಾತು

ಈಗ ಕಾಗದ ತೆಗೆಯಿರಿ. ನಿಮ್ಮ ಕಾರಿನ ಇನ್ಶೂರೆನ್ಸ್ ಸರ್ಟಿಫಿಕೇಟಿನಲ್ಲಿ ಗಾಡಿಯ ಬಳಕೆಗೆ ಹಾಕಿದ ಮಿತಿಗಳ ಸಾಲು ಹುಡುಕಿ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಆಯೋಜಿತ ರೇಸಿಂಗ್, ಪೇಸ್ ಮೇಕಿಂಗ್ (ಮುಂದೆ ಓಡಿ ಬೇರೆಯವರಿಗೆ ವೇಗ ಹಾಕಿಕೊಡುವುದು), ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳುತ್ತದೆ ಎಂಬ ಪರೀಕ್ಷೆ) ಇವುಗಳಿಗೆ ರಕ್ಷಣೆ ಇಲ್ಲ ಅಂತ ಬರೆದಿರುತ್ತದೆ. "ನಮ್ಮದು ರೇಸ್ ಅಲ್ಲ, ಸುಮ್ನೆ ಓಡಿಸಿದ್ದು" ಅಂತ ವಾದಿಸಬಹುದು. ಆದರೆ ಕ್ಲೇಮ್ ಸಿಗುತ್ತದೆ ಅಂತ ನಂಬಿಕೊಂಡು ಟ್ರ್ಯಾಕ್‌ಗೆ ಇಳಿಯಬೇಡಿ. ಹೊಸ ಬಂಪರ್, ಹೆಡ್‌ಲೈಟ್‌ನ ಖರ್ಚು ಕೈಯಿಂದ ಕೊಡಲಾಗುವಂತಿದ್ದರೆ ಮಾತ್ರ ಹೋಗಿ.

ಇದೊಂದನ್ನು ಕೈಮುಗಿದು ಕೇಳುತ್ತೇನೆ. ಜಖಂ ಆದ ಕಾರನ್ನು ಹೈವೇ ಪಕ್ಕ ನಿಲ್ಲಿಸಿ "ಎಮ್ಮೆ ಅಡ್ಡ ಬಂತು" ಅಂತ ಕ್ಲೇಮ್ ಹಾಕುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದು ವಂಚನೆ. ನಿಮ್ಮ ಜೊತೆ ಸಾಕ್ಷಿ ಹೇಳುವ ಗೆಳೆಯನನ್ನೂ ಅದರೊಳಗೆ ಎಳೆಯುತ್ತೀರಿ. ಹಾಗೆಯೇ, ಯಾರು ಸರಿ ಅಂತ ತೋರಿಸಲು ಅದೇ ಓಟವನ್ನು ಬೈಪಾಸಿನಲ್ಲೋ ಘಾಟಿಯಲ್ಲೋ ಮತ್ತೆ ಓಡಿಸಬೇಡಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 189ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ವೇಗದ ಸ್ಪರ್ಧೆ ಮಾಡುವುದು ಅಪರಾಧ.

ಯಾರಿಗಾದರೂ ಗಾಯವಾಗಿದ್ದರೆ ಅಡಿಕೆ, ರಂಗೋಲಿ ಎಲ್ಲ ಪಕ್ಕಕ್ಕಿಡಿ. ಮೊದಲು ಆಸ್ಪತ್ರೆ. ಅಲ್ಲಿ ಹೇಗೆ ಆಯಿತು ಅಂತ ಕೇಳಿದರೆ ಇದ್ದದ್ದನ್ನೇ ಹೇಳಿ. ಸಹಿ ಹಾಕಿದ ಕಾಗದ ಇಬ್ಬರ ನಡುವಿನ ಒಪ್ಪಂದ, ಕ್ರಿಮಿನಲ್ ಹೊಣೆಯನ್ನು ಅದು ಅಳಿಸುವುದಿಲ್ಲ. ಅಂಥ ಸಂದರ್ಭದಲ್ಲಿ ವಕೀಲರನ್ನು ಕೇಳದೆ "ತಪ್ಪು ನನ್ನದೇ" ಅಂತಲೋ "ಅವನದ್ದೇ" ಅಂತಲೋ ಏನನ್ನೂ ಬರೆದುಕೊಡಬೇಡಿ.

ಗಾಯವಿಲ್ಲದ, ಸ್ನೇಹಿತರ ನಡುವಿನ ವಿಷಯವಾದರೆ ಒಂದೇ ಪುಟದಲ್ಲಿ ಬರೆದು ಮುಗಿಸಿ. ದಿನಾಂಕ, ತಿರುವು, ಯಾರ ಪಾಲು ಎಷ್ಟು, ಯಾರು ಯಾವ ಖರ್ಚು ಹೊರುತ್ತಾರೆ, ಎರಡು ಸಹಿ. ಒಂದು ಪ್ರತಿ ಆಯೋಜಕರಿಗೂ ಕಳಿಸಿ. ಅದೇ ತಿರುವಿನಲ್ಲಿ ಬೇರೆಯವರೂ ತಾಗಿಸಿಕೊಂಡಿದ್ದರೆ ಓವರ್‌ಟೇಕ್ ಜಾಗ ಬದಲಿಸುವುದು ಅವರ ಕೈಯಲ್ಲಿದೆ.

ನಮ್ಮ ಪುಟದಲ್ಲಿ ಮುಕ್ಕಾಲು ಪಾಲು ಕೆಂಪು ಕಾರಿಗೆ, ಕಾಲು ಪಾಲು ಬಿಳಿ ಕಾರಿಗೆ ಅಂತ ಬರೆದೆವು. ಟ್ರ್ಯಾಕ್ ಕಾಗದದ ಪ್ರಕಾರ ಯಾರೂ ಯಾರಿಗೂ ಏನೂ ಕೊಡಬೇಕಿರಲಿಲ್ಲ. ಆದರೂ ಕೆಂಪು ಕಾರಿನವನು ಬಿಳಿ ಬಾಗಿಲಿನ ಟಿಂಕರಿಂಗ್, ಪೇಂಟಿಂಗ್ ಖರ್ಚಿನ ಮುಕ್ಕಾಲು ಪಾಲು ತಾನು ಕೊಡುತ್ತೇನೆ ಅಂದ. ತನ್ನ ಬಂಪರ್ ತನ್ನದೇ ಅಂದ. ಪುಟದ ಕೊನೆಗೆ ಇಬ್ಬರೂ ಸೇರಿ ಎರಡು ಸಾಲು ಬರೆದರು, ಈಗ ನಮ್ಮ ಗುಂಪಿನವರೆಲ್ಲ ಅದನ್ನೇ ಪಾಲಿಸುತ್ತೇವೆ: "ಕೈ ತೋರಿಸಿದವನು ಆಕ್ಸಿಲರೇಟರ್ ಬಿಡಬೇಕು. ಬ್ರೇಕ್ ಹಾಕುವ ಜಾಗ ಬರುವಷ್ಟರಲ್ಲಿ ಪಕ್ಕಕ್ಕೆ ಬಾರದವನು ಹಿಂದೆಯೇ ಉಳಿಯಬೇಕು."